ಸ್ಕೈವಾಕ್ ಕೆಳಗಿನ ಇಬ್ಬರು, ಖಾರಘರದ ಒಂದು ಮಂಚ

ನನ್ನ ವಿದೇಶ ಪ್ರವಾಸಕ್ಕೆ ಪಾಸ್‌ಪೋರ್ಟ್ ಬೇಕಾಗಲಿಲ್ಲ. ಉಡುಪಿಯಲ್ಲಿ ರೈಲು ಹತ್ತಿದೆ, ಕಾರವಾರ ದಾಟುವಾಗ ಮಲಗಿದೆ, ಬೆಳಿಗ್ಗೆ ಎದ್ದು ನೋಡಿದರೆ ಚಹಾ ಮಾರುವವನ ಒಂದು ಮಾತೂ ಅರ್ಥವಾಗಲಿಲ್ಲ. ಕಾರ್ಕಳದ ಶಾಲೆಯೊಂದರಲ್ಲಿ ಇಡೀ ಆಯುಷ್ಯ ಮಕ್ಕಳಿಗೆ ಡ್ರಿಲ್ ಮಾಡಿಸಿ ನಿವೃತ್ತಳಾದ ನನಗೆ ವಿದೇಶ ಎನ್ನಲು ಅಷ್ಟು ಸಾಕು. ದುಬೈಗೆ ಹೋಗಿ ಬಂದ ನೆರೆಮನೆಯವರು ಒಪ್ಪುವುದಿಲ್ಲ. ಅವರು ಒಮ್ಮೆ ಡೊಂಬಿವಲಿಯಲ್ಲಿ ರೈಲಿನಿಂದ ಇಳಿಯಲು ಪ್ರಯತ್ನಿಸಲಿ, ಆಮೇಲೆ ಮಾತಾಡೋಣ.

ಠಾಣೆ

ತಂಗಿ ಸುಮತಿಯ ಮಗಳು ಅನಘಾ ನನ್ನನ್ನು ಕರೆದೊಯ್ಯಲು ಠಾಣೆ ಸ್ಟೇಷನ್ನಿಗೆ ಬಂದಿದ್ದಳು. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಹುಡುಗಿ, ಐರೋಲಿಯ ಆಫೀಸಿನಲ್ಲಿ ಕೆಲಸ. ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ, ನಡುವೆ ನನ್ನ ಸಮಾಧಾನಕ್ಕೆ ಒಂದು 'ದೊಡ್ಡಮ್ಮ' ಸೇರಿಸುತ್ತಾಳೆ. ಅವಳ ಮಾತನ್ನು ಇಲ್ಲಿ ನಾನೇ ಕನ್ನಡ ಮಾಡಿ ಬರೆದಿದ್ದೇನೆ.

ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಇಳಿಯುವವರು ಒಂದು ಸ್ಟೇಷನ್ ಮೊದಲೇ ಎದ್ದು ಸಾಲಾಗಿ ನಿಲ್ಲುತ್ತಾರೆ. ಸಾಲು ಎಷ್ಟು ನೆಟ್ಟಗಿತ್ತೆಂದರೆ, ನನ್ನ ಶಾಲೆಯ ಮಕ್ಕಳನ್ನು ಇಲ್ಲಿಗೆ ತಂದು ತೋರಿಸಬೇಕಿತ್ತು ಅನ್ನಿಸಿತು. ಆ ಸಾಲಿನ ಅರ್ಥ ಮಾತ್ರ ನನಗೆ ತಿಳಿದಿರಲಿಲ್ಲ. ಬಾಗಿಲು ಬಂದ ಮೇಲೆ ಇಳಿದರಾಯಿತು, ಅವಸರ ಯಾಕೆ ಎಂದು ಆರಾಮ ನಿಂತೆ. ಡೊಂಬಿವಲಿ ಬಂತು. ನಾನು ಇಳಿಯಲು ಕಾಲೆತ್ತುವ ಮೊದಲೇ ಪ್ಲಾಟ್‌ಫಾರ್ಮಿನ ಜನವೆಲ್ಲ ಒಳಗೆ ನುಗ್ಗಿತು. ಇವರೆಲ್ಲ ಮುಂಬೈ ಕಡೆಗೆ ಕೆಲಸಕ್ಕೆ ಹೋಗುವವರಂತೆ. ಕುಳಿತುಕೊಳ್ಳಲು ಜಾಗ ಸಿಗಲೆಂದು ಮೊದಲು ಉಲ್ಟಾ ದಿಕ್ಕಿಗೆ ಕಲ್ಯಾಣದವರೆಗೆ ಹೋಗಿ, ಅದೇ ರೈಲಿನಲ್ಲಿ ವಾಪಸು ಬರುತ್ತಾರಂತೆ! ಮುಂದೆ ಹೋಗಲು ಹಿಂದೆ ಹೋಗುವ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾನೋ, "ನೀವು ಹತ್ತಿಕೊಳ್ಳಿ, ನೀವು ಹತ್ತಿಕೊಳ್ಳಿ" ಎಂದು ಮರ್ಯಾದೆ ತೋರಿಸುತ್ತಾ ನಿಂತೆ. ರೈಲು ಹೊರಟೇಬಿಟ್ಟಿತು. ಇಳಿದಿದ್ದ ಅನಘಾ ನನಗಾಗಿ ಓಡಿ ಮತ್ತೆ ಹತ್ತಿದಳು. ಮುಂದಿನ ಸ್ಟೇಷನ್ ಠಾಕುರ್ಲಿಯಲ್ಲಾದರೂ ಇಳಿಯೋಣವೆಂದರೆ ನನ್ನ ಒಂದು ಚಪ್ಪಲಿ ಯಾರದೋ ಕಾಲಡಿಯಲ್ಲಿತ್ತು.

ಕಲ್ಯಾಣ, ತಪ್ಪಿ ಹೋದದ್ದು

"ಚಲೋ, ಆ ಹೀ ಗಯೇ ಹೈಂ," ಎಂದಳು ಅನಘಾ. "ಇಷ್ಟು ದೂರ ಬಂದಿದ್ದೇವೆ, ನಮ್ಮ ಶಾಂತವ್ವನನ್ನು ನೋಡಿಕೊಂಡು ಹೋಗುವ ದೊಡ್ಡಮ್ಮ. ಅವಳದು ಕನ್ನಡವೇ. ನೀವು ಮಾತಾಡಿದ್ರೆ ಒಪ್ತಾಳೆ."

ಎಂತದಕ್ಕೆ ಒಪ್ಪುವುದು ಎಂದು ಕೇಳಿದೆ. ದಾರಿಯಲ್ಲಿ ಹೇಳಿದಳು. ಅವಳ ಆಫೀಸಿನವರು ಪ್ರತಿ ತಿಂಗಳ ಪಗಾರದಿಂದ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟು ಖಾರಘರದಲ್ಲಿ ಮನೆಯಿಲ್ಲದ ಹೆಂಗಸರ ಆಶ್ರಯವೊಂದಕ್ಕೆ ನೆರವಾಗುತ್ತಾರೆ. ಅದಲ್ಲದೆ ಶನಿವಾರಗಳಂದು ಹಳದಿ ಟೀ ಶರ್ಟ್ ತೊಟ್ಟು ಗುಂಪಾಗಿ ಬಂದು, ಬೀದಿಯಲ್ಲಿ ಮಲಗುವವರಿಗೆ ತಿಂಡಿ ಹಂಚಿ, ಮಾತಾಡಿಸಿ ಹೋಗುತ್ತಾರೆ. ಈಗ ಆಶ್ರಯದಲ್ಲಿ ಒಂದು ಮಂಚ ಖಾಲಿಯಾಗಿದೆ. ಶಾಂತವ್ವನಿಗೆ ವಯಸ್ಸಾಗಿದೆ, ಕೆಮ್ಮು ಬಿಡುತ್ತಿಲ್ಲ, ಮಳೆ ತಲೆಯ ಮೇಲಿದೆ. ಅವಳಿಗಾಗಿ ಆ ಮಂಚವನ್ನು ಈ ಶನಿವಾರದವರೆಗೆ ಹಿಡಿದಿಟ್ಟಿದ್ದಾರೆ. ಆಮೇಲೆ ಸರದಿಯಲ್ಲಿರುವ ಬೇರೆಯವರಿಗೆ. ಆದರೆ ಬರುತ್ತೇನೆ ಎಂದು ಅವಳೇ ಬಾಯಿಬಿಟ್ಟು ಹೇಳಬೇಕು, ಎಳೆದುಕೊಂಡು ಹೋಗುವ ಹಾಗಿಲ್ಲ.

"ಹೇಳುವುದಿಲ್ಲವಾ?"

"ಹೇಳಲಿಕ್ಕೆ ಆ ಇನ್ನೊಬ್ಬಳು ಬಿಟ್ರೆ ತಾನೆ!"

ಸ್ಟೇಷನ್ ಹೊರಗೆ ಸ್ಕೈವಾಕಿನ ಮೆಟ್ಟಿಲ ಕೆಳಗೆ ಆ ಇನ್ನೊಬ್ಬಳನ್ನು ನೋಡಿದೆ. ಹೆಸರು ಜೈಬುನ್. ಎತ್ತರದ, ಮೂಳೆ ಕಾಣುವ ಹೆಂಗಸು, ತಲೆಯ ಮೇಲೆ ಸೆರಗು, ಕೈಯಲ್ಲಿ ಒಂದು ಕೋಲು. ಅವಳ ಬೆನ್ನ ಹಿಂದೆ ಗೋಣಿಯ ಮೇಲೆ ಶಾಂತವ್ವ ಮುಸುಕು ಹಾಕಿ ಮಲಗಿದ್ದಳು. ಅನಘಾ ಬಿಸ್ಕತ್ತಿನ ಪೊಟ್ಟಣ ಚಾಚಿದಳು. ಜೈಬುನ್ ಅದನ್ನು ಕಸಿದು ತನ್ನ ಗಂಟಿನೊಳಗೆ ತುರುಕಿ, ಕೋಲು ಅಲ್ಲಾಡಿಸಿ, "ಜಾವ್, ಜಾವ್" ಎಂದಳು.

"ನೋಡಿದಿರಾ?" ಎಂದಳು ಅನಘಾ. "ಯಾವಾಗ ಬಂದ್ರೂ ಹೀಗೇ. ತಿಂಡಿ ಕಸೀತಾಳೆ, ಶಾಂತವ್ವನ ಹತ್ತಿರ ಹೋಗ್ಲಿಕ್ಕೇ ಬಿಡೋದಿಲ್ಲ. ಪೂರಾ ದಾದಾಗಿರಿ."

ನನಗೆ ಮೈಯೆಲ್ಲ ಉರಿಯಿತು. ಮಲಗಿದ ಮುದುಕಿಯ ತುತ್ತು ಕಸಿಯುವುದೆಂದರೆ! ನಿವೃತ್ತಳಾದರೂ ನನ್ನ ಕೈಚೀಲದಲ್ಲಿ ಸೀಟಿ ಇರುತ್ತದೆ. ತೆಗೆದು, ಉಸಿರು ತುಂಬಿ, ಆಟದ ಬಯಲಿನಲ್ಲಿ ಊದುವ ಹಾಗೆ ಊದಿದೆ. ಜೈಬುನ್ ಬೆಚ್ಚಿ ಕೋಲು ಬಿಟ್ಟಳು. ರಿಕ್ಷಾದವರು ತಿರುಗಿ ನೋಡಿದರು. ಪೊಲೀಸಿನವನೊಬ್ಬ ತನ್ನ ಸೀಟಿ ಇದೆಯಾ ಎಂದು ಜೇಬು ಮುಟ್ಟಿ ನೋಡಿಕೊಂಡ. ಮುಸುಕಿನೊಳಗಿನಿಂದ ಶಾಂತವ್ವ ಧಡಕ್ಕನೆ ಎದ್ದು ಕೂತು, ನನ್ನ ಮುಖ ನೋಡಿ, ಅಚ್ಚ ವಿಜಯಪುರದ ಕನ್ನಡದಲ್ಲಿ ಶುರುಮಾಡಿದಳು.

"ಯಾವಾಕಿ ಈಕಿ? ಈಗರೆ ಕಣ್ಣು ಹತ್ತಿತ್ತು! ನಿನ್ನ ಬಾಯಾಗ ಮಣ್ಣ ಹಾಕ, ಸೀಟಿ ಹೊಡ್ಯಾಕ ಬಂದಾಳ ಸೀಟಿ!"

ಪರದೇಶದಲ್ಲಿ ನನ್ನ ಕಿವಿಗೆ ಬಿದ್ದ ಮೊದಲ ಕನ್ನಡ ಅದು. ಅನಘಾ ನನ್ನ ತೋಳು ಹಿಡಿದು ಸ್ಟೇಷನ್ನಿನತ್ತ ಎಳೆದಳು.

ಡೊಂಬಿವಲಿ

ಸುಮತಿಯ ಗಂಡ ಶ್ರೀಪತಿಗೆ ಡೊಂಬಿವಲಿ ಸ್ಟೇಷನ್ ಪಕ್ಕದಲ್ಲೇ ಸಸ್ಯಾಹಾರಿ ಹೋಟೆಲಿದೆ. ನಡುಮಧ್ಯಾಹ್ನ ಹೋದರೂ ಕಾಫಿಯ ಘಮ, ಒಳಗೆ ತುಳು, ಗಲ್ಲಾದಲ್ಲಿ ಮರಾಠಿ. ಆ ಊರಿನಲ್ಲಿ ನನಗೆ ಪೂರ್ತಿ ಅರ್ಥವಾದ ಜಾಗ ಅದೊಂದೇ.

ದಾನದ ವಿಷಯದಲ್ಲಿ ಅಪ್ಪನಿಗೂ ಮಗಳಿಗೂ ದಿನಾ ಜಗಳ. ಶ್ರೀಪತಿಯ ಪದ್ಧತಿ ಹಳೆಯದು. ಬೆಳಗಿನ ಮೊದಲ ಇಡ್ಲಿಯಲ್ಲಿ ಒಂದು ಪಾಲು ಹಿಂದಿನ ಬಾಗಿಲಿಗೆ ಹೋಗುತ್ತದೆ, ಯಾರು ಬಂದರೆ ಅವರಿಗೆ.

"ನಿಮ್ಮ ಹಾಗೆ ಹಳದಿ ಟೀ ಶರ್ಟ್ ಹಾಕ್ಕೊಂಡು ನಾನು ಇಡ್ಲಿ ಕೊಡುವುದಿಲ್ಲ," ಎಂದ.

"ಪಪ್ಪಾ, ತುಮ್ ರಹನೇ ದೋ," ಎಂದಳು ಅನಘಾ. "ನಿಮ್ಮ ಇಡ್ಲಿ ತಿಂದು ಅವರು ರಾತ್ರಿ ಎಲ್ಲಿ ಮಲಗ್ತಾರೆ ಅಂತ ನಿಮಗೆ ಗೊತ್ತುಂಟಾ?"

"ನಿನಗೆ ಗೊತ್ತುಂಟಾ? ನಿನ್ನ ಪಗಾರದಿಂದ ಕಟ್ ಆಗುವುದೇ ನಿನಗೆ ಗೊತ್ತಾಗುವುದಿಲ್ಲ!"

ನನಗೆ ಇಬ್ಬರ ಮಾತೂ ಸರಿ ಎನ್ನಿಸಿತು. ನಮ್ಮ ಶಾಲೆಯಲ್ಲಿ ಯಾರಿಗಾದರೂ ಕಷ್ಟ ಬಂದರೆ ಸ್ಟಾಫ್ ರೂಮಿನಲ್ಲಿ ಒಂದು ಲಕೋಟೆ ಮೇಜಿನಿಂದ ಮೇಜಿಗೆ ಹೋಗುತ್ತಿತ್ತು, ಯಾರು ಮುಖ ಹುಳಿ ಮಾಡಿದರು ಎಂದು ಎಲ್ಲರಿಗೂ ಕಾಣುತ್ತಿತ್ತು. ಇಲ್ಲಿ ಕೊಡುವವರ ಮುಖ ತೆಗೆದುಕೊಳ್ಳುವವರಿಗೆ ಕಾಣುವುದಿಲ್ಲ, ಇವರದು ಅವರಿಗೆ ಕಾಣುವುದಿಲ್ಲ. ಅದಕ್ಕೇ ಶನಿವಾರ ಹೋಗುತ್ತೇವೆ, ಮುಖ ನೋಡಬೇಕಲ್ಲ ಎಂದಳು ಅನಘಾ. ಆ ಮಾತಿಗೆ ಅವಳ ಮೇಲೆ ಪ್ರೀತಿ ಉಕ್ಕಿ ಬಂತು. ನನ್ನ ತಂಗಿಯ ಮಗಳು ಕನ್ನಡ ಮರೆತಿರಬಹುದು, ಮನುಷ್ಯರನ್ನು ಮರೆತಿಲ್ಲ.

ಆ ರಾತ್ರಿ ಊಟಕ್ಕೆ ಕುಳಿತು ಅನಘಾ ಉಪಾಯ ಹೇಳಿದಳು. ಶನಿವಾರ ಇಬ್ಬರು ಹುಡುಗಿಯರು ಜೈಬುನ್‌ಳನ್ನು ಚಹಾಕ್ಕೆಂದು ಆಚೆ ಕರೆದೊಯ್ಯುವುದು. ಅಷ್ಟರಲ್ಲಿ ನಾನು ಶಾಂತವ್ವನ ಹತ್ತಿರ ಕನ್ನಡದಲ್ಲಿ ಮಾತಾಡಿ, ಹ್ಞೂಂ ಅನ್ನಿಸಿ, ಕಾರು ಹತ್ತಿಸುವುದು. ನಾನು ತಕ್ಷಣ ಒಪ್ಪಿದೆ. ಒಪ್ಪಿದ್ದಲ್ಲದೆ, ಯಾರು ಎಲ್ಲಿ ನಿಲ್ಲಬೇಕೆಂದು ಸಾಂಬಾರಿನ ಬಟ್ಟಲು, ಚಮಚ ಇಟ್ಟು ತೋರಿಸಿಕೊಟ್ಟೆ.

ಕಲ್ಯಾಣ, ನಸುಕಿನಲ್ಲಿ

ಆದರೆ ಬೈದ ಬಾಯಲ್ಲೇ ಹ್ಞೂಂ ಅನ್ನಿಸುವುದು ಹೇಗೆ? ಮೊದಲು ರಾಜಿಯಾಗಬೇಕು. ನನಗೆ ಸೂರ್ಯನಿಗಿಂತ ಮೊದಲು ಏಳುವ ಚಟ. ಮರುದಿನ ಶ್ರೀಪತಿಯ ಮೊದಲ ಇಡ್ಲಿಗಳನ್ನು ಬಾಳೆಲೆಯಲ್ಲಿ ಕಟ್ಟಿಸಿಕೊಂಡು ಒಬ್ಬಳೇ ಹೊರಟೆ. "ಅತ್ತಿಗೇ, ನಮ್ಮ ಸಾಂಬಾರು ಒಯ್ಯಿರಿ, ಎಂಥವರ ಮನಸ್ಸೂ ಕರಗುತ್ತದೆ," ಎಂದು ಅವನು ಕ್ಯಾರಿಯರ್ ಕೊಟ್ಟ. ಈ ಸಲ ಒಂದು ಸ್ಟೇಷನ್ ಮೊದಲೇ ಎದ್ದು ಸಾಲಿನಲ್ಲಿ ನಿಂತೆ.

ಮೆಟ್ಟಿಲ ಕೆಳಗೆ ನೋಡಿದರೆ ಎಲ್ಲ ಅದಲುಬದಲು. ಜೈಬುನ್ ಮುಸುಕು ಹಾಕಿ ಗೋಣಿಯ ಮೇಲೆ ಮಲಗಿದ್ದಾಳೆ. ಶಾಂತವ್ವ ಎಚ್ಚರವಾಗಿ, ಅದೇ ಕೋಲು ಹಿಡಿದು, ಅವಳ ಮುಂದೆ ಕೂತಿದ್ದಾಳೆ. ನನ್ನನ್ನು ಕಂಡದ್ದೇ ತುಟಿಯ ಮೇಲೆ ಬೆರಳಿಟ್ಟು, ಕೋಲು ಅಲ್ಲಾಡಿಸಿದಳು.

"ಸಪ್ಪಳ ಮಾಡಬ್ಯಾಡ್ರಿ. ಆಕಿ ಮಲ್ಕೊಂಡಾಳ. ನಿನ್ನೆ ಸೀಟಿ ಹೊಡದಾಕಿ ನೀವ ಅಲ್ರೀ?"

ಹೌದೆಂದೆ. ತಪ್ಪಾಯಿತೆಂದೆ. ಅವಳ ಪಕ್ಕದಲ್ಲಿ ಕೂತು ಎಲೆ ಬಿಚ್ಚಿದೆ. ಅವಳು ಇಡ್ಲಿಗಳನ್ನು ಸರಿಯಾಗಿ ಎರಡು ಪಾಲು ಮಾಡಿ, ಒಂದು ಪಾಲನ್ನು ಎಲೆಯಲ್ಲಿ ಸುತ್ತಿ ಗಂಟಿನೊಳಗೆ ಇಟ್ಟಳು. ಅಲ್ಲಿ ನಿನ್ನೆಯ ಬಿಸ್ಕತ್ತಿನ ಪೊಟ್ಟಣವೂ ಇತ್ತು, ಅರ್ಧ ಮಾತ್ರ ಖಾಲಿಯಾಗಿತ್ತು. ನಾನು ನೋಡುತ್ತಿರುವುದನ್ನು ಕಂಡು, "ಹೊರಗ ಇಟ್ರ ನಾಯಿ ತಿಂತಾವ್ರಿ. ನಾ ಏಳೂತನಕಾ ಆಕಿ ಕಟ್ಟಿ ಇಡ್ತಾಳ," ಎಂದಳು.

ನನ್ನ ಮುಖ ಏನಾಗಿತ್ತೋ ದೇವರಿಗೇ ಗೊತ್ತು. ಅವಳು ಸಾಂಬಾರಿನಲ್ಲಿ ಇಡ್ಲಿ ಅದ್ದಿ, ಬಾಯಿಗಿಟ್ಟು, ನನ್ನನ್ನೇ ದಿಟ್ಟಿಸಿದಳು.

"ಸಾರಿಗೆ ಬೆಲ್ಲ ಹಾಕೀರೇನ್ರಿ? ಯಾರ ಮನ್ಯಾಗ ತೊಟ್ಲ ಐತಿ, ಸಿಹಿ ಹಂಚಾಕ?"

ಶ್ರೀಪತಿಗೆ ಇದನ್ನು ನಾನು ಇಂದಿಗೂ ಹೇಳಿಲ್ಲ.

ಆಮೇಲೆ ಮೆಲ್ಲಗೆ ಮಾತು ಬಿಚ್ಚಿದಳು. ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದವಳು. ಗಂಡ ಹೋದ, ಕೈಯಲ್ಲಿ ಬಲ ಇರುವವರೆಗೆ ಇಟ್ಟಿಗೆ ಹೊತ್ತಳು, ಆಮೇಲೆ ಈ ಮೆಟ್ಟಿಲು. ಜೈಬುನ್ ಮೊದಲು ಆಚೆ ಬದಿಯಲ್ಲಿ ಮಲಗುತ್ತಿದ್ದಳಂತೆ. ಒಂದು ಮಳೆಗಾಲ ಇಬ್ಬರೂ ನಿದ್ದೆಯಲ್ಲಿದ್ದಾಗ ಇಬ್ಬರ ಗಂಟೂ ಹೋಯಿತು.

"ಗಂಟ ಹೋದ್ರ ಹೋಗ್ಲಿ ಬಿಡ್ರಿ. ಗಂಟಿಗಿಂತ ದೊಡ್ಡದು ಹೋಗ್ತೈತಿ ಇಲ್ಲಿ, ಹೆಣಮಗಳು ಕಣ್ಣ ಮುಚ್ಚಿದ್ರ. ಅವತ್ತಿಂದ ಪಾಳಿ. ರಾತ್ರಿ ನಾ ಕಾಯ್ತೀನಿ, ಹಗಲಾ ಆಕಿ ಕಾಯ್ತಾಳ. ಆಕಿ ಮಾತು ನನಗ ತಿಳಿಯಂಗಿಲ್ಲ, ನನ್ನ ಮಾತು ಆಕಿಗೆ ತಿಳಿಯಂಗಿಲ್ಲ. ಜಗಳಾನೂ ಇಲ್ಲ."

ನಾನು ಖಾರಘರದ ಮಂಚದ ವಿಷಯ ಎತ್ತಿದೆ. ಅವಳಿಗೆ ಗೊತ್ತಿತ್ತು. ಕನ್ನಡ ಬಲ್ಲ ರಿಕ್ಷಾದವನೊಬ್ಬ ಎಲ್ಲ ಹೇಳಿದ್ದನಂತೆ.

"ಮಂಚ ಐತಂತ, ಊಟ ಐತಂತ. ಚಲೋ ಆತು. ನಾ ಅಲ್ಲಿ ಹೋಗಿ ಮಲ್ಕೊಂಡ್ರ ರಾತ್ರಿ ಈಕೀನ ಯಾರು ಕಾಯ್ತಾರ್ರಿ?"

ಕೆಮ್ಮು ಬಂದಾಗ ಅವಳು ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಕೆಮ್ಮುತ್ತಿದ್ದಳು, ಮಲಗಿದವಳು ಏಳಬಾರದೆಂದು. ನನಗೆ ಅಳು ಬಂತು, ಅತ್ತುಬಿಟ್ಟೆ. ಆ ಊರಿನಲ್ಲಿ ಅದಕ್ಕೆ ಒಂದು ಅನುಕೂಲವಿದೆ, ಯಾರೂ ನಿಂತು ನೋಡುವುದಿಲ್ಲ.

ಐರೋಲಿ

ಅನಘಾಳ ಆಫೀಸಿಗೆ ನಾನೇ ಹೋಗುತ್ತೇನೆಂದು ಹಠ ಹಿಡಿದೆ. ಕುತ್ತಿಗೆಗೆ ಒಂದು ಪಟ್ಟಿ ತೂಗುಹಾಕಿ ಒಳಗೆ ಬಿಟ್ಟರು. ಅಲ್ಲಿಯ ಕೋಣೆಗಳಿಗೆಲ್ಲ ನದಿಗಳ ಹೆಸರು. ಗೋದಾವರಿಯಲ್ಲಿ ಹತ್ತಾರು ಮಕ್ಕಳು ಕೂತಿದ್ದರು. ನನಗೆ ಮಕ್ಕಳೇ, ಅವರಿಗೆ ಮದುವೆಯಾಗಿದ್ದರೂ. ನಾನು ಕನ್ನಡದಲ್ಲಿ ಹೇಳಿದೆ, ಅನಘಾ ಹಿಂದಿಯಲ್ಲಿ ಹೇಳಿದಳು. ಜೈಬುನ್ ಕಸಿಯುತ್ತಿರಲಿಲ್ಲ, ಕಾಯುತ್ತಿದ್ದಳು ಎಂಬಲ್ಲಿಗೆ ಬಂದಾಗ ಅವಳು ಎದ್ದು ನಿಂತು ಹೇಳಿದಳು.

ಒಬ್ಬ ಹೇಳಿದ, "ಆಂಟಿ, ನಾವು ಯಾವಾಗಲೂ ನಾಷ್ಟಾ ಮಾಡಿಯೇ ಹೋಗೋದು. ಆ ಹೊತ್ತಿಗೆ ಶಾಂತವ್ವ ಮಲಗಿರ್ತಾರೆ." ರಜೆಯ ದಿನ ಕೂಡ ಬೇಗ ಎದ್ದು ಒಂದೂವರೆ ಗಂಟೆ ರೈಲಿನಲ್ಲಿ ನಿಂತು ಬರುವ ಮಕ್ಕಳು. ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ನಾನೇ ಸೀಟಿ ಊದಿದವಳು.

ಎರಡನೆಯ ಮಂಚದ ಖರ್ಚಿಗೆ ಅಲ್ಲೇ ಎಲ್ಲರೂ ಕೈ ಎತ್ತಿದರು. ಅನಘಾ ಖಾರಘರಕ್ಕೆ ಫೋನ್ ಮಾಡಿದಳು. ಆಶ್ರಯ ನೋಡಿಕೊಳ್ಳುವ ಲತಾತಾಯಿಯ (ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ) ಧ್ವನಿ ಮೇಜಿನ ಆಚೆಗೂ ಕೇಳಿಸುತ್ತಿತ್ತು, ಅಷ್ಟು ಗಟ್ಟಿ. ದುಡ್ಡಿನ ಪ್ರಶ್ನೆಯೇ ಅಲ್ಲ, ಜಾಗವೇ ಇಲ್ಲ ಎಂದರು. ಗೋಡೆ ಹಿಗ್ಗಿಸಲು ಬರುವುದಿಲ್ಲ. ಒಂದು ಮಂಚ, ಒಬ್ಬ ಹೆಂಗಸು. ಇಬ್ಬರಲ್ಲಿ ಯಾರು ಬರುತ್ತಾರೆಂದು ಶನಿವಾರದೊಳಗೆ ಹೇಳಿ.

ದುಡ್ಡು ಸಿಕ್ಕಿದರೆ ಎಲ್ಲ ಸರಿಹೋಗುತ್ತದೆ ಎಂದು ಆ ಮಕ್ಕಳು ಎಷ್ಟು ಸಂತೋಷದಿಂದ ಕೈ ಎತ್ತಿದ್ದರು! ಒಬ್ಬೊಬ್ಬರೇ ಕೈ ಇಳಿಸುವುದನ್ನು ನೋಡಲು ಆಗಲಿಲ್ಲ.

ಕಲ್ಯಾಣ, ಶನಿವಾರ

ಮೋಡ ಕವಿದಿತ್ತು. ಹಳದಿ ಟೀ ಶರ್ಟಿನ ಗುಂಪು ಈ ಸಲ ನಸುಕಿನಲ್ಲೇ ಬಂದಿತ್ತು, ಆಕಳಿಸುತ್ತಾ. ಚಹಾದ ಉಪಾಯವನ್ನೆಲ್ಲ ಬಿಟ್ಟುಬಿಟ್ಟಿದ್ದೆವು. ಜೈಬುನ್ ಏಳುವವರೆಗೆ ಕಾದೆವು. ಆಮೇಲೆ ನಾನು ಶಾಂತವ್ವನಿಗೆ ಕನ್ನಡದಲ್ಲಿ, ಅನಘಾ ಜೈಬುನ್‌ಗೆ ಹಿಂದಿಯಲ್ಲಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ಮಂಚ ಒಂದೇ.

ಜೈಬುನ್ ಎದ್ದು ಶಾಂತವ್ವನ ಬಟ್ಟೆಗಳನ್ನು ಗಂಟು ಕಟ್ಟತೊಡಗಿದಳು. "ಇಸ್ಕೋ ಲೇ ಜಾವ್. ಖಾಂಸೀ ಹೈ," ಎಂದು ಕೆಮ್ಮಿ ತೋರಿಸಿದಳು. ಶಾಂತವ್ವ ಗಂಟನ್ನು ಎಳೆದುಕೊಂಡು ಬಿಚ್ಚಿದಳು. ಜೈಬುನ್ ಮತ್ತೆ ಕಟ್ಟಿದಳು. ಇವಳು ಮತ್ತೆ ಬಿಚ್ಚಿದಳು. ಜಗಳವೇ ಇಲ್ಲ ಎಂದವಳು ಕನ್ನಡದಲ್ಲಿ ಬೈದಳು, ಅವಳು ಹಿಂದಿಯಲ್ಲಿ ಬೈದಳು, ನಡುವೆ ಸೀರೆಯೊಂದು ಹರಿಯಿತು. ಹಳದಿ ಮಕ್ಕಳು ಯಾರ ಪಕ್ಷ ವಹಿಸಬೇಕೆಂದು ತಿಳಿಯದೆ ನಿಂತಿದ್ದರು. ಮಳೆಯ ಮೊದಲ ಹನಿಗಳು ಬಿದ್ದವು.

ಶಾಂತವ್ವ ನನ್ನ ಕಡೆ ತಿರುಗಿದಳು. "ಏನ್ರೀ ಅಕ್ಕಾರ, ಮಂಚ ಒಂದಽ ಐತಿ ಅಂತ ಎಲ್ಲಾರೂ ಯಾಕ ಅಳಾಕ್ಹತ್ತೀರಿ? ಒಂದಽ ಸಾಕ್ರಿ. ನಾವಿಬ್ರೂ ಒಮ್ಮೆಲೇ ಮಲಗಿದ್ದಽ ಇಲ್ಲ. ರಾತ್ರಿ ಆಕಿ ಮಲಗ್ಲಿ, ಹಗಲಾ ನಾ ಮಲಗ್ತೀನಿ. ಅಲ್ಲೂ ಅಷ್ಟ, ಇಲ್ಲೂ ಅಷ್ಟ."

ಅನಘಾಗೆ ಆ ಕನ್ನಡ ಪೂರ್ತಿ ತಿಳಿಯಿತು. ನನಗಿಂತ ಮೊದಲು ಅವಳೇ ಅದನ್ನು ಜೈಬುನ್‌ಗೆ ಹಿಂದಿಯಲ್ಲಿ ಹೇಳಿ, ಎರಡೂ ಗಂಟುಗಳನ್ನು ಎತ್ತಿಕೊಂಡಳು.

ಮುಂಬ್ರಾ

ಮಳೆಗೆ ರಸ್ತೆಯೆಲ್ಲ ಕಟ್ಟಿಕೊಂಡು ಕಾರು ಬರಲೇ ಇಲ್ಲ. ರೈಲಿನಲ್ಲೇ ಹೊರಟೆವು. ಹಗಲು ಏರಿದ್ದರಿಂದ ಈಗ ಶಾಂತವ್ವನ ಪಾಳಿ. ಕೂತಲ್ಲೇ ನಿದ್ದೆ ಹೋದಳು. ಜೈಬುನ್ ಎರಡೂ ಗಂಟುಗಳ ಮೇಲೆ ಕಾಲಿಟ್ಟು, ಎದುರು ಕೂತ ಹೆಂಗಸರನ್ನೆಲ್ಲ ಕಳ್ಳರೆಂಬಂತೆ ನೋಡುತ್ತಿದ್ದಳು. ಮುಂಬ್ರಾ ಬಂದಾಗ ಒಮ್ಮೆ ಮಾತ್ರ ಕಣ್ಣು ಆಚೆ ತಿರುಗಿತು. ಮನೆಗಳ ರಾಶಿಯ ಹಿಂದೆ ಗುಡ್ಡ ಹಸಿರಾಗುತ್ತಿತ್ತು. ಅಲ್ಲಿ ಯಾರಿದ್ದಾರೆ ಎಂದು ನನ್ನ ಹರಕು ಹಿಂದಿಯಲ್ಲಿ ಕೇಳಿದೆ.

"ಪಹಾಡ್ ಹೈ," ಎಂದಳು. ಮತ್ತೆ ಗಂಟುಗಳನ್ನು ನೋಡಿಕೊಂಡಳು.

ಖಾರಘರ

ಗುಡ್ಡದ ಬುಡದಲ್ಲಿ ಎತ್ತರದ ಕಟ್ಟಡಗಳ ಹಿಂದೆ ಒಂದು ತಗ್ಗಿನ ಮನೆ. ಲತಾತಾಯಿ ಬಾಗಿಲಲ್ಲೇ ನಿಂತಿದ್ದರು. ಇಬ್ಬರನ್ನು ಕಂಡು ಅವರ ಧ್ವನಿ ಬೀದಿಯ ತುದಿಗೆ ಮುಟ್ಟಿತು. ಒಬ್ಬರೆಂದಿದ್ದೆ, ಒಬ್ಬರು! ಇವರನ್ನು ಒಳಗೆ ಬಿಟ್ಟರೆ ಸರದಿಯಲ್ಲಿರುವವರಿಗೆ ಏನು ಹೇಳಲಿ? ಅವರ ಕೋಪ ನ್ಯಾಯವೇ ಆಗಿತ್ತು. ಒಳಗೆ ಮಂಚಗಳು ಹೇಗೆ ಇದ್ದವೆಂದರೆ, ನಡುವೆ ಅಡ್ಡಡ್ಡ ನಡೆಯಬೇಕು. ಅನಘಾ ಪಾಳಿಯ ಕಥೆಯನ್ನು ಮರಾಠಿಯಲ್ಲಿ ವಿವರಿಸಿದಳು. ಎರಡು ಸಲ ಹೇಳಿಸಿಕೊಂಡು ಲತಾತಾಯಿ ಕೊನೆಗೆ ಒಂದು ರಾತ್ರಿಯ ಮಟ್ಟಿಗೆ ಒಪ್ಪಿದರು. ಮಂಚದಲ್ಲಿ ಒಬ್ಬಳು, ಇನ್ನೊಬ್ಬಳು ಎಚ್ಚರವಾಗಿ ಅಡುಗೆಮನೆಯಲ್ಲಿ. ಇಬ್ಬರೂ ಒಂದೇ ಮಂಚದಲ್ಲಿ ಕಂಡರೆ ಬೆಳಿಗ್ಗೆಯೇ ಒಬ್ಬಳು ಹೊರಗೆ. ನಿಯಮವೆಂದರೆ ನಿಯಮ.

ಶಾಂತವ್ವ ನನ್ನ ಕೈ ಹಿಡಿದು, "ಸೀಟಿ ಅಕ್ಕಾರ, ಊರಿಗೆ ಹುಷಾರಾಗಿ ಹೋಗ್ರಿ," ಎಂದಳು. ಜೈಬುನ್ ಬಾಗಿಲಿನ ಚಿಲಕವನ್ನು ಹಾಕಿ, ತೆಗೆದು, ಮತ್ತೆ ಹಾಕಿ ನೋಡುತ್ತಿದ್ದಳು. ಒಳಗಿನಿಂದ ಹಾಕುವ ಚಿಲಕ.

ಮತ್ತೆ ಡೊಂಬಿವಲಿ

ಭಾನುವಾರ ಬೆಳಿಗ್ಗೆ ಹೋಟೆಲಿನ ಮೂಲೆಯ ಮೇಜಿನಲ್ಲಿ ನಾನು, ಸುಮತಿ, ಅನಘಾ ಕೂತಿದ್ದೆವು. ಗಲ್ಲಾದಿಂದ ಎದ್ದು ಶ್ರೀಪತಿಯೂ ಬಂದ. ಎಲ್ಲರ ಕಣ್ಣೂ ಅನಘಾಳ ಫೋನಿನ ಮೇಲೆ. ತಿಂಡಿಯ ಹೊತ್ತು ಮೀರುವಾಗ ಅನಘಾಳ ಫೋನ್ ಹೊಡೆದುಕೊಂಡಿತು. ಲತಾತಾಯಿ. ಅವಳು ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟಳು, ಆದರೆ ಯಾರಿಗೂ ಏನೂ ಕೇಳಿಸಲಿಲ್ಲ. ಬರೀ ಉಸಿರಿನಂಥ ಶಬ್ದ. ಬೀದಿಯ ತುದಿಗೆ ಮುಟ್ಟುವ ಆ ಧ್ವನಿಗೆ ಏನಾಯಿತು? ಶ್ರೀಪತಿ ಒಳಗಿನವರಿಗೆ ಮಿಕ್ಸರ್ ನಿಲ್ಲಿಸಲು ಹೇಳಿದ. ಆಗಲೂ ಕೇಳಿಸಲಿಲ್ಲ.

"ತಾಯಿ, ಸ್ವಲ್ಪ ಜೋರಾಗಿ ಹೇಳಿ," ಎಂದು ಅನಘಾ ಮರಾಠಿಯಲ್ಲಿ ಬೇಡಿಕೊಂಡಳು.

ಈ ಸಲ ಲತಾತಾಯಿಯ ಪಿಸುಮಾತು ನಮಗೆಲ್ಲ ತಿಳಿಯಿತು.

"ಜೋರಾಗಿ ಮಾತಾಡಲಿಕ್ಕೆ ಆಗುವುದಿಲ್ಲ. ಇಬ್ಬರೂ ಮಲಗಿದ್ದಾರೆ."